ಮಷೀನ್ ಕೊಳ್ಳುವ ಮುನ್ನ ಮನೆಯ ನೀರನ್ನು ನೋಡಿ

ಬಟ್ಟೆ ಒಗೆಯುವ ಮಷೀನ್ ಕೊಳ್ಳಲು ಹೊರಟವರು ನೇರವಾಗಿ ಅಂಗಡಿಗೆ ಹೋಗಿ, ಎಷ್ಟು ಕೆಜಿಯದು, ಎಷ್ಟು ಸ್ಟಾರ್‌ನದು, ಎಷ್ಟು ವರ್ಷದ ವಾರಂಟಿ ಎಂದು ವಿಚಾರಿಸುತ್ತಾರೆ. ಕೇಳಬೇಕಾದ ಮಾತುಗಳೇ ಅವು. ಆದರೆ ನಮ್ಮ ಕಡೆಯ ಮನೆಗಳಲ್ಲಿ ಮಷೀನ್ ಚೆನ್ನಾಗಿ ಬಾಳುವುದೂ ಬೇಗ ಕೆಡುವುದೂ ಬಹುಮಟ್ಟಿಗೆ ನೀರಿನ ಮೇಲೆ ನಿಂತಿರುತ್ತದೆ. ಆದ್ದರಿಂದ ಮನೆಗೆ ನೀರು ಎಲ್ಲಿಂದ ಬರುತ್ತದೆ, ಮಷೀನ್ ಇಡುವ ಜಾಗದ ನಲ್ಲಿಯಲ್ಲಿ ಎಷ್ಟು ರಭಸವಾಗಿ ಬೀಳುತ್ತದೆ, ಎಷ್ಟು ಗಡಸಾಗಿದೆ ಎಂಬುದನ್ನು ಮೊದಲು ತಿಳಿದುಕೊಂಡು, ಆಮೇಲೆ ಅಂಗಡಿಗೆ ಹೋಗುವುದು ಒಳ್ಳೆಯದು.

ಹುಬ್ಬಳ್ಳಿ-ಧಾರವಾಡದ ಅನೇಕ ಬಡಾವಣೆಗಳಂತೆ ಕೆಲವು ದಿನಗಳಿಗೊಮ್ಮೆ ನೀರು ಬಿಡುವ ಕಡೆ, ಡ್ರಮ್ಮಿನಲ್ಲಿ ತುಂಬಿಟ್ಟ ನೀರಿನಿಂದಲೇ ಬಟ್ಟೆ ಒಗೆಯಬೇಕಾದ ಮನೆಗೆ, ಸೆಮಿ ಆಟೋಮ್ಯಾಟಿಕ್ ಮಷೀನೇ ಸರಿಯಾದ ಆಯ್ಕೆ ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. ಅದಕ್ಕೆ ಬಿಂದಿಗೆಯಿಂದಲೋ ಪೈಪಿನಿಂದಲೋ ನೀರು ಹಾಕಬಹುದು. ಬಿಳಿ ಬಟ್ಟೆ ಒಗೆದ ಸೋಪಿನ ನೀರಿನಲ್ಲೇ ಬಣ್ಣದ ಬಟ್ಟೆಯನ್ನು, ಕೊನೆಗೆ ಕಾಲೊರಸುವ ಬಟ್ಟೆಯನ್ನು ಒಗೆಯಬಹುದು. ಒಗೆಯುವ ತೊಟ್ಟಿಯಿಂದ ಹಿಂಡುವ ತೊಟ್ಟಿಗೆ ಒದ್ದೆ ಬಟ್ಟೆಯನ್ನು ಎತ್ತಿ ಹಾಕುವ ಶ್ರಮ ಮಾತ್ರ ಉಳಿಯುತ್ತದೆ. ಮೇಲಿನಿಂದ ಬಟ್ಟೆ ತುಂಬುವ, ಟಾಪ್ ಲೋಡ್ ಎಂಬ ಪೂರ್ತಿ ಆಟೋಮ್ಯಾಟಿಕ್ ಮಷೀನ್‌ನಲ್ಲಿ ಬಗ್ಗುವ ಕೆಲಸವಿಲ್ಲ, ಮರೆತ ಅಂಗಿಯನ್ನು ನಡುವೆ ಸೇರಿಸಲು ಅಡ್ಡಿಯಿಲ್ಲ, ಬೆಲೆಯೂ ಮಿತವಾಗಿರುತ್ತದೆ. ಆದರೆ ಬಟ್ಟೆಯೆಲ್ಲ ನೀರಿನಲ್ಲಿ ಮುಳುಗಬೇಕಾದ್ದರಿಂದ ತುಂಬಿದ ಒಂದು ಸರದಿಗೆ 100 ಲೀಟರ್ ದಾಟುವುದು ಸಾಮಾನ್ಯ. ಮುಂದಿನಿಂದ ತುಂಬುವ ಫ್ರಂಟ್ ಲೋಡ್ ಮಷೀನ್‌ನಲ್ಲಿ ಡ್ರಮ್ ಮಲಗಿದಂತೆ ತಿರುಗುತ್ತಾ ಬಟ್ಟೆಯನ್ನು ಮೇಲೆತ್ತಿ ಕೆಳಗೆ ಬೀಳಿಸುತ್ತದೆ; ನಮ್ಮವರು ಒಗೆಯುವ ಕಲ್ಲಿನ ಮೇಲೆ ಬಟ್ಟೆ ಎತ್ತಿ ಬಡಿಯುತ್ತಿದ್ದ ಕ್ರಮವೇ ಇಲ್ಲಿ ಮೃದುವಾಗಿ ನಡೆಯುತ್ತದೆ ಎನ್ನಬಹುದು. ತಳದಲ್ಲಿ ಸ್ವಲ್ಪ ನೀರಿದ್ದರೆ ಸಾಕಾಗುವುದರಿಂದ 50ರಿಂದ 70 ಲೀಟರಿನಲ್ಲಿ ಕೆಲಸ ಮುಗಿಯುತ್ತದೆ, ನೀರು ಕಾಯಿಸುವ ಹೀಟರ್ ಒಳಗೇ ಇರುತ್ತದೆ, ಬಟ್ಟೆ ಸವೆಯುವುದೂ ಕಡಿಮೆ. ಇದಕ್ಕೆ ಹೆಚ್ಚು ಹೊತ್ತು, ಹೆಚ್ಚು ಹಣ ಮತ್ತು ಸರಿಯಾದ ಒತ್ತಡದ ನೀರು ಬೇಕು.

ಈ ಒತ್ತಡದ ವಿಷಯವನ್ನು ನಾನು ಕಷ್ಟಪಟ್ಟು ಕಲಿತೆ. ಬೆಂಗಳೂರಿನಲ್ಲಿ ನಾವಿದ್ದ ಬಾಡಿಗೆ ಮನೆ ಮೇಲಿನ ಮಹಡಿಯದು. ನೆತ್ತಿಯ ಮೇಲೆ ತಾರಸಿ, ತಾರಸಿಯ ಮೇಲೆ ನೀರಿನ ಟ್ಯಾಂಕ್. ಟ್ಯಾಂಕ್ ಇಷ್ಟು ಹತ್ತಿರವಿರುವಾಗ ನೀರಿಗೇನು ಕೊರತೆ ಎಂದು ನಂಬಿ ಫ್ರಂಟ್ ಲೋಡ್ ತಂದೆವು. ಬಟ್ಟೆ ಹಾಕಿ ಒತ್ತಿದರೆ ಕಾಲು ಗಂಟೆ ಸುಮ್ಮನೆ ನಿಂತಿದ್ದು, ಮತ್ತೆ ನೀರಿಲ್ಲ ಎಂಬ ಸೂಚನೆ ತೋರಿಸಿ ಮಷೀನ್ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಸರ್ವಿಸ್‌ನವರು ಎರಡು ಸಲ ಬಂದು ಮಷೀನ್‌ನಲ್ಲಿ ದೋಷವಿಲ್ಲ ಎಂದು ಹೋದರು, ನಿಜಕ್ಕೂ ಇರಲಿಲ್ಲ. ಕೊನೆಗೆ ಆ ನಲ್ಲಿಗೆ 10 ಲೀಟರಿನ ಬಕೆಟ್ ಹಿಡಿದು ಗಡಿಯಾರ ನೋಡಿದಾಗ, ಅದು ತುಂಬಲು ನಾಲ್ಕೂವರೆ ನಿಮಿಷ ಬೇಕಾಯಿತು. ಲೆಕ್ಕ ಸರಳವಾಗಿದೆ: ನೀರಿನ ಮಟ್ಟ ನಲ್ಲಿಗಿಂತ 10 ಮೀಟರ್ ಎತ್ತರದಲ್ಲಿದ್ದರೆ ಸುಮಾರು 1 ಬಾರ್ ಒತ್ತಡ ಸಿಗುತ್ತದೆ, 3 ಮೀಟರಿದ್ದರೆ 0.3 ಬಾರ್. ಅನೇಕ ಫ್ರಂಟ್ ಲೋಡ್ ಮಷೀನ್‌ಗಳ ಕೈಪಿಡಿಯಲ್ಲಿ ಕನಿಷ್ಠ 0.3 ಅಥವಾ 0.5 ಬಾರ್ ಬೇಕೆಂದು ಬರೆದಿರುತ್ತದೆ. ಹೀಗಾಗಿ ನೆಲ ಅಂತಸ್ತಿನವರಿಗೆ ಬಾರದ ತೊಂದರೆ ಟ್ಯಾಂಕಿನ ಕೆಳಗೇ ಇರುವವರಿಗೆ ಬರುತ್ತದೆ. ಕೊಳ್ಳುವ ಮೊದಲು ಬಕೆಟ್ ಹಿಡಿದು ನೋಡಿ. ಎರಡು ನಿಮಿಷದೊಳಗೆ 10 ಲೀಟರ್ ತುಂಬಿದರೆ ಚಿಂತೆಯಿಲ್ಲ ಎಂಬುದು ನಾನು ಇಟ್ಟುಕೊಂಡಿರುವ ಅಳತೆ. ತುಂಬದಿದ್ದರೆ ಟ್ಯಾಂಕನ್ನು ಕಟ್ಟೆಯ ಮೇಲೆ ಎತ್ತರಿಸಬೇಕು, ಇಲ್ಲವೇ ಒತ್ತಡ ಹೆಚ್ಚಿಸುವ ಚಿಕ್ಕ ಪಂಪ್ ಹಾಕಿಸಬೇಕು. ಬಾಡಿಗೆ ಮನೆಯಲ್ಲಿ ಇವೆರಡೂ ಆಗದಿದ್ದರೆ, ಕಡಿಮೆ ಒತ್ತಡದಲ್ಲೂ ತುಂಬಿಕೊಳ್ಳುತ್ತದೆಂದು ಕೈಪಿಡಿಯಲ್ಲೇ ಬರೆದಿರುವ ಟಾಪ್ ಲೋಡ್ ನೋಡುವುದು ವಾಸಿ.

ಇನ್ನು ಗಡಸುತನ, ಅಂದರೆ ನೀರಿನಲ್ಲಿ ಕರಗಿರುವ ಸುಣ್ಣದಂಥ ಲವಣಗಳ ಪ್ರಮಾಣ. ನಲ್ಲಿಯ ಮೂತಿಯಲ್ಲಿ ಬಿಳಿ ಹೆಪ್ಪು, ಬಕೆಟ್ಟಿನ ಒಳಗೆ ಉಜ್ಜಿದರೂ ಹೋಗದ ಬಿಳಿ ಪಟ್ಟೆ, ಬೇಗ ಬೇಯದ ಬೇಳೆ, ಇವೆಲ್ಲ ಗಡಸು ನೀರಿನ ಗುರುತುಗಳು. ಪಾರದರ್ಶಕ ಬಾಟಲಿಯಲ್ಲಿ ಅರ್ಧ ನೀರು ಹಿಡಿದು, ಮೈಗೆ ಹಚ್ಚುವ ಸೋಪಿನ ಚೂರೊಂದನ್ನು ಹಾಕಿ ಚೆನ್ನಾಗಿ ಕುಲುಕಿ. ನೊರೆ ನಿಲ್ಲದೆ ನೀರು ಹಾಲಿನಂತೆ ಕದಡಿ, ಮೇಲೆ ಕೆನೆಗಟ್ಟಿದರೆ ನೀರು ಗಡಸು ಎಂದು ತಿಳಿಯಬೇಕು. ಕುಡಿಯುವ ನೀರಿನ ಭಾರತೀಯ ಮಾನದಂಡವು ಲೀಟರಿಗೆ 200 ಮಿಲಿಗ್ರಾಂ ಗಡಸುತನವನ್ನು ಒಪ್ಪುವ ಮಿತಿಯಾಗಿಯೂ, ಬೇರೆ ನೀರಿಲ್ಲದಿದ್ದಾಗ 600ರವರೆಗೂ ಸಹಿಸಬಹುದೆಂದೂ ಹೇಳುತ್ತದೆ. ಕುಡಿಯಲು ನಡೆಯುವ ಅಷ್ಟು ಗಡಸು ನೀರು ಮಷೀನ್‌ಗೆ ಒಳ್ಳೆಯದಲ್ಲ. ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸೋಪಿನ ಪುಡಿಯ ಒಂದು ಪಾಲನ್ನು ತಾವೇ ತಿಂದುಹಾಕುತ್ತವೆ. ಟವೆಲ್ ಒಣಗಿದಾಗ ಹಪ್ಪಳದಂತೆ ಬಿರುಸಾಗುತ್ತದೆ, ಬಿಳಿ ಪಂಚೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಹೀಟರ್ ಇರುವ ಮಷೀನ್‌ನಲ್ಲಿ ನೀರು ಕಾದಾಗ ಸುಣ್ಣದ ಪದರ ಹೀಟರ್ ಮೇಲೆಯೇ ಕೂರುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಕೊಳವೆಬಾವಿಗಳನ್ನೋ ಬೆಂಗಳೂರಿನ ಹೊರವಲಯದ ಟ್ಯಾಂಕರನ್ನೋ ನಂಬಿದವರು ಇದನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಕಾವೇರಿ ನೀರಿರುವ ಅಪಾರ್ಟ್‌ಮೆಂಟಿನಲ್ಲೂ ಬೇಸಿಗೆಯಲ್ಲಿ ನೆಲದಡಿಯ ನೀರಿನ ತೊಟ್ಟಿಗೆ ಟ್ಯಾಂಕರ್ ನೀರು ಬೆರೆಯುವುದುಂಟು. ಕರಾವಳಿ, ಮಲೆನಾಡಿನ ತೆರೆದ ಬಾವಿಗಳ ನೀರು ಸಾಮಾನ್ಯವಾಗಿ ಮೆದುವಾದದ್ದು. ಆದರೆ ಕೆಲವೆಡೆ ಕಬ್ಬಿಣದಂಶವಿದ್ದು ಬಿಳಿ ಬಟ್ಟೆ ಹಳದಿಯಾಗುತ್ತದೆ. ಅಂಥ ನೀರಿನಲ್ಲಿ ಬ್ಲೀಚಿಂಗ್ ಹಾಕಿದರೆ ತುಕ್ಕಿನ ಕಲೆ ಇನ್ನಷ್ಟು ಗಾಢವಾಗುತ್ತದೆಯೇ ಹೊರತು ಹೋಗುವುದಿಲ್ಲ.

ಗಡಸು ನೀರಿದ್ದವರು ಎರಡು ತಿಂಗಳಿಗೊಮ್ಮೆ, ಬಟ್ಟೆಯಿಲ್ಲದ ಡ್ರಮ್ಮಿಗೆ ಸುಮಾರು 100 ಗ್ರಾಂ ಸಿಟ್ರಿಕ್ ಆಮ್ಲವನ್ನು, ಅಂದರೆ ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಹರಳನ್ನು ಹಾಕಿ, 60 ಡಿಗ್ರಿಯ ಬಿಸಿ ನೀರಿನಲ್ಲಿ ಒಂದು ಸರದಿ ಓಡಿಸಬೇಕು. ಕೈಪಿಡಿಯಲ್ಲಿ ಕಂಪನಿ ಬೇರೆ ಪುಡಿ ಸೂಚಿಸಿದ್ದರೆ ಅದನ್ನೇ ಬಳಸಿ. ಸಿಟ್ರಿಕ್ ಆಮ್ಲದ ಜೊತೆ ಬ್ಲೀಚಿಂಗ್ ದ್ರಾವಣವನ್ನು ಎಂದಿಗೂ ಸೇರಿಸಬೇಡಿ. ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ.

ಸಾಮರ್ಥ್ಯವನ್ನು ಒಣ ಹತ್ತಿ ಬಟ್ಟೆಯ ತೂಕದಲ್ಲಿ ಹೇಳಲಾಗುತ್ತದೆ. ನಾಲ್ಕು ಜನರ ಮನೆಗೆ 7 ಅಥವಾ 8 ಕೆಜಿ ಸಾಕು. ಡ್ರಮ್ಮಿನಲ್ಲಿ ಬಟ್ಟೆಯ ಮೇಲೆ ಅಂಗೈ ನಿಲ್ಲಿಸುವಷ್ಟು ಖಾಲಿ ಜಾಗವಿರಬೇಕು. ತುರುಕಿದರೆ ಬಟ್ಟೆ ಮಗುಚಿಕೊಳ್ಳದೆ ಕೊಳೆ ಹಾಗೇ ಉಳಿಯುತ್ತದೆ. ಉತ್ತರ ಕರ್ನಾಟಕದವರು ಕೌದಿಯ ಬಗ್ಗೆ ಕೇಳುತ್ತಾರೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿ ನೀರು ಕುಡಿದರೆ ಇಬ್ಬರು ಎತ್ತಬೇಕು; ಮಷೀನ್‌ನಲ್ಲಿ ಅದು ಒಂದೇ ಮುದ್ದೆಯಾಗಿ ಒಂದು ಬದಿಗೆ ಕೂತು, ಹಿಂಡುವಾಗ ಡ್ರಮ್ಮಿನ ಸಮತೋಲ ತಪ್ಪಿಸುತ್ತದೆ. ಅದನ್ನು ಕೈಯಲ್ಲೇ ಒಗೆದು ಬಿಸಿಲಿಗೆ ಹಾಕುವುದೇ ಸರಿ. ಮೈಸೂರು ರೇಷ್ಮೆ, ಜರಿ ಸೀರೆಗಳೂ ಮಷೀನ್‌ನ ಹತ್ತಿರ ಹೋಗಬಾರದು.

ಹಿಂಡುವ ವೇಗ ಮಲೆನಾಡಿನವರಿಗೆ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುವ ಮನೆಗಳಿಗೆ, ನಿಮಿಷಕ್ಕೆ 1200 ಸುತ್ತು ತಿರುಗುವ ಮಷೀನ್ 700 ಸುತ್ತಿನದಕ್ಕಿಂತ ಎಷ್ಟೋ ಹೆಚ್ಚು ನೀರು ತೆಗೆದುಕೊಡುತ್ತದೆ. ಬಿಸಿಲಿಗೆ ಬರವಿಲ್ಲದ ರಾಯಚೂರಿನಲ್ಲಿ ಇದಕ್ಕಾಗಿ ಹೆಚ್ಚು ಹಣ ಕೊಡಬೇಕಾಗಿಲ್ಲ.

ಪೆಟ್ಟಿಗೆಯ ಮೇಲೆ ‘ಇನ್ವರ್ಟರ್’ ಎಂದಿರುವುದು ಮೋಟಾರಿನ ವೇಗವನ್ನು ಹತೋಟಿಯಲ್ಲಿಡುವ ವ್ಯವಸ್ಥೆಯ ಹೆಸರು; ಕರೆಂಟ್ ಹೋದಾಗ ಮನೆಯ ಇನ್ವರ್ಟರ್ ಬ್ಯಾಟರಿಯಲ್ಲಿ ಅದು ಓಡುತ್ತದೆ ಎಂದು ಅರ್ಥವಲ್ಲ. ಹೀಟರ್ ಸುಮಾರು 2000 ವ್ಯಾಟ್ ಎಳೆಯುವುದರಿಂದ 16 ಆಂಪ್ ಸಾಕೆಟ್ ಮತ್ತು ಸರಿಯಾದ ಅರ್ಥಿಂಗ್ ಇರಬೇಕು. ಎಕ್ಸ್‌ಟೆನ್ಷನ್ ಬಾಕ್ಸಿನಿಂದ ವೈರ್ ಎಳೆಯಬಾರದು. ವಿದ್ಯುತ್ ಖರ್ಚಾಗುವುದು ಹೆಚ್ಚಾಗಿ ನೀರು ಕಾಯಿಸಲಿಕ್ಕೇ: 15 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ತರಲು ಸುಮಾರು 0.6 ಯೂನಿಟ್ ಬೇಕಾದರೆ, 40 ಡಿಗ್ರಿಗೆ ಅದರ ಅರ್ಧಕ್ಕಿಂತ ಕಡಿಮೆ ಸಾಕು. ದಿನದ ಬಟ್ಟೆಗೆ ತಣ್ಣೀರು ಅಥವಾ 30-40 ಡಿಗ್ರಿ ಇಟ್ಟು, ಹಾಸಿಗೆ ಹೊದಿಕೆ, ಮಗುವಿನ ಬಟ್ಟೆ, ಕಾಯಿಲೆಯವರ ಬಟ್ಟೆಗೆ ಮಾತ್ರ 60 ಇಡಿ.

ಫ್ರಂಟ್ ಲೋಡ್ ಮನೆಗೆ ಬಂದ ದಿನ ಸಾಗಿಸುವಾಗ ಡ್ರಮ್ ಅಲುಗಾಡದಂತೆ ಹಿಂಬದಿಯಲ್ಲಿ ಹಾಕಿರುವ ಸಾಗಣೆ ಬೋಲ್ಟ್‌ಗಳನ್ನು ಬಿಚ್ಚಿದ್ದಾರೆಯೇ ಎಂದು ನೀವೇ ನೋಡಿ, ಬಿಚ್ಚಿದವನ್ನು ಮನೆ ಬದಲಿಸುವಾಗ ಬೇಕಾಗುತ್ತದೆಂದು ಎತ್ತಿಡಿ. ನಾಲ್ಕು ಕಾಲೂ ನೆಲಕ್ಕೆ ಗಟ್ಟಿಯಾಗಿ ಕೂರಬೇಕು. ಬೋರ್‌ವೆಲ್ ನೀರಿನ ಮರಳು ಒಳಗೆ ಹೋಗದಂತೆ ನಲ್ಲಿಗೆ ಒಂದು ಫಿಲ್ಟರ್ ಹಾಕಿಸುವುದು ಒಳ್ಳೆಯದು.

ಸೋಪಿನ ಪುಡಿ ಹೆಚ್ಚು ಹಾಕಿದಷ್ಟೂ ಬಟ್ಟೆ ಹೆಚ್ಚು ಶುಭ್ರವಾಗುತ್ತದೆ ಎಂಬುದು ನಮ್ಮ ಮನೆಗಳಲ್ಲಿ ಬೇರೂರಿರುವ ನಂಬಿಕೆ. ಫ್ರಂಟ್ ಲೋಡ್‌ನಲ್ಲಿ ನೊರೆ ಹೆಚ್ಚಾದರೆ ಬಟ್ಟೆ ಬೀಳುವ ಪೆಟ್ಟೇ ಮೆತ್ತಗಾಗಿ ಕೊಳೆ ಬಿಡುವುದಿಲ್ಲ, ಜಾಲಿಸಿದರೂ ಸೋಪು ಹೋಗದೆ ಮೈ ತುರಿಸುತ್ತದೆ. ಕಡಿಮೆ ನೊರೆಯ, ಆ ಬಗೆಯ ಮಷೀನ್‌ಗೆಂದೇ ತಯಾರಾದ ಪುಡಿ ಅಥವಾ ದ್ರವವನ್ನು ಅಳತೆಯ ಮುಚ್ಚಳದಲ್ಲೇ ಹಾಕಿ. ಗಡಸು ನೀರಿದ್ದರೆ ಪೊಟ್ಟಣದ ಮೇಲೆ ಹೇಳಿದಷ್ಟು ಹೆಚ್ಚಿಸಿ. ಕಾಲರ್ ಮತ್ತು ಕೈಪಟ್ಟಿಯ ಜಿಡ್ಡಿಗೆ ಮೊದಲೇ ಸ್ವಲ್ಪ ಸೋಪು ಉಜ್ಜಿ ಹತ್ತು ನಿಮಿಷ ಬಿಡಬೇಕು. ಹೊಸ ಬಣ್ಣದ ಬಟ್ಟೆಯ ಮೂಲೆಯನ್ನು ಒದ್ದೆ ಮಾಡಿ ಬಿಳಿ ಬಟ್ಟೆಯಿಂದ ಒತ್ತಿ, ಬಣ್ಣ ಬಿಡದಿದ್ದರೆ ಮಾತ್ರ ಉಳಿದವುಗಳ ಜೊತೆ ಸೇರಿಸಿ.

2024ರ ಬೇಸಿಗೆಯಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5000 ರೂಪಾಯಿ ದಂಡ ಗೊತ್ತುಮಾಡಿದ ದಿನಗಳಿಂದ, ನಾವು ಮಷೀನ್‌ನ ನೀರು ಹೊರಬಿಡುವ ಕೊಳವೆಯ ತುದಿಯನ್ನು ಕೊನೆಯ ಜಾಲಿಸುವಿಕೆಯ ಹೊತ್ತಿಗೆ ಹೊರಗಿಟ್ಟ ದೊಡ್ಡ ಡ್ರಮ್ಮಿಗೆ ಇಡುತ್ತೇವೆ. ಆ ನೀರಿನಲ್ಲಿ ಶೌಚಾಲಯ, ಬಾಲ್ಕನಿ ತೊಳೆದಾಗುತ್ತದೆ. ಕೊಳವೆಯನ್ನು ಕೈಪಿಡಿ ಹೇಳುವ ಎತ್ತರಕ್ಕಿಂತ ಕೆಳಗಿಳಿಸಿದರೆ ಮಷೀನ್‌ನೊಳಗಿನ ನೀರು ತಾನಾಗಿಯೇ ಹರಿದುಹೋಗುತ್ತದೆ. ಡ್ರಮ್ ಅಷ್ಟು ಎತ್ತರದ್ದೇ ಇರಲಿ.

ಒಗೆದ ಕೂಡಲೇ ಬಟ್ಟೆ ತೆಗೆದು, ಬಾಗಿಲಿನ ರಬ್ಬರಿನ ಮಡಿಕೆಯೊಳಗೆ ಬೆರಳು ಹಾಕಿ ಒಣ ಬಟ್ಟೆಯಿಂದ ಒರೆಸಿ, ಬಾಗಿಲನ್ನು ಸ್ವಲ್ಪ ತೆರೆದಿಡಬೇಕು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಒಣಗಿದ ಮೇಲೆ ಮುಚ್ಚಿ. ತಿಂಗಳಿಗೊಮ್ಮೆ ಮುಂಭಾಗದ ಕೆಳಮೂಲೆಯ ಚಿಕ್ಕ ಮುಚ್ಚಳ ತೆಗೆದು, ಕೆಳಗೆ ಹಳೆಯ ಟವೆಲ್ ಹಾಸಿ, ಪಂಪಿನ ಫಿಲ್ಟರನ್ನು ನಿಧಾನವಾಗಿ ತಿರುಗಿಸಿ ಹೊರತೆಗೆಯಬೇಕು. ಹೋದ ತಿಂಗಳು ನಮ್ಮದರಲ್ಲಿ ಎರಡು ರೂಪಾಯಿಯ ನಾಣ್ಯ, ರವಿಕೆಯ ಮುರಿದ ಹುಕ್ಕು, ಕೂದಲು ಸುತ್ತಿಕೊಂಡ ಒಂದು ಸೇಫ್ಟಿ ಪಿನ್ ಸಿಕ್ಕವು. ಸೀರೆ ಉಡುವವರಿರುವ ಮನೆಯಲ್ಲಿ ಬಟ್ಟೆ ಹಾಕುವ ಮುನ್ನ ಸೆರಗನ್ನು ಒಮ್ಮೆ ಕೈಯಲ್ಲಿ ಸವರಿ ನೋಡುವುದು ಜೇಬು ನೋಡುವುದರಷ್ಟೇ ಅಗತ್ಯ, ಏಕೆಂದರೆ ಆ ಪಿನ್ ಫಿಲ್ಟರಿಗೆ ಬಂದು ಸೇರದೆ ಡ್ರಮ್ಮಿನ ಹೊರಗಡೆ ಸಿಕ್ಕಿಕೊಂಡರೆ, ಮಷೀನನ್ನು ಪೂರ್ತಿ ಬಿಚ್ಚಿಸಬೇಕಾಗುತ್ತದೆ.