ಹಿಂದಿನ ರೆಕ್ಕೆ ಕಾಣುವವರೆಗೂ ಕಾದೆ

ಮೈಸೂರಿನ ರಾಮಕೃಷ್ಣನಗರದಲ್ಲಿ, ಲಿಂಗಾಂಬುಧಿ ಕೆರೆಗೆ ಹತ್ತಿರದಲ್ಲೇ ನಮ್ಮ ಮನೆ. ಮಳೆ ಬಿಟ್ಟ ರಾತ್ರಿ ಹಿತ್ತಲಿನ ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ಸಾಕು, ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲಿನ ಹಿಂದಿನ ಗೋಡೆಯ ಮೇಲೆ ಯಾವುದಾದರೂ ಪತಂಗ ಕೂತಿರುತ್ತದೆ. ಫೋಟೊ ತೆಗೆದು ಅದರ ಹೆಸರು ಹುಡುಕುವುದು ನನಗೆ ತುಂಬಾ ಇಷ್ಟದ ಕೆಲಸ. ದಸರಾ ಮುಗಿದ ಮೇಲೆ ಬಂದ ಮಳೆಯಲ್ಲಿ ಸಿಕ್ಕ ಒಂದು ಪತಂಗದ ಹೆಸರು ಹೇಗೆ ಗೊತ್ತಾಯಿತು ಅಂತ ಬರೆಯುತ್ತೇನೆ.

ಮೊದಲ ಫೋಟೊವನ್ನು ನಾನು ಯಾವಾಗಲೂ ಅದು ಕೂತ ಹಾಗೇ ತೆಗೆಯುತ್ತೇನೆ. ಕೂರುವ ಭಂಗಿಯೇ ಅರ್ಧ ಗುರುತು. ಮೊಬೈಲನ್ನು ಗೋಡೆಗೆ ನೇರವಾಗಿ ಹಿಡಿದು ಒಂದು, ಪಕ್ಕದಿಂದ ಒಂದು, ತಲೆಯ ಹತ್ತಿರ ಹೋಗಿ ಒಂದು. ಫ್ಲ್ಯಾಶ್ ಹಾಕುವುದಿಲ್ಲ. ರೆಕ್ಕೆಯ ಮೇಲಿನ ಪುಡಿಗೆ ಬೆಳಕು ಹೊಡೆದು ಬಣ್ಣವೆಲ್ಲ ಬಿಳಚಿಕೊಳ್ಳುತ್ತದೆ. ಬೆಳಕು ಸಾಲದಿದ್ದರೆ ಇನ್ನೊಂದು ಮೊಬೈಲಿನ ಟಾರ್ಚನ್ನು ಓರೆಯಾಗಿ ಬಿಡುತ್ತೇನೆ. ಪಕ್ಕದಲ್ಲಿ ಮಗಳ ಜಾಮಿಟ್ರಿ ಬಾಕ್ಸಿನ ಸ್ಕೇಲು ಹಿಡಿದಿರಲೇಬೇಕು. ಅಳತೆ ಇಲ್ಲದ ಫೋಟೊದಲ್ಲಿ ರವೆ ಡಬ್ಬಿಯ ಪುಟ್ಟ ಪತಂಗವೂ ಅಂಗೈಯಗಲದ ಪತಂಗವೂ ಒಂದೇ ಥರ ಕಾಣಿಸುತ್ತವೆ.

ಪಕ್ಕದ ಮನೆ ಅಜ್ಜಿ ಕಾಂಪೌಂಡಿನ ಆಚೆಯಿಂದ ನೋಡುತ್ತಿದ್ದರು. "ಅದು ಒಣಗಿದ ಎಲೆ ಅಲ್ವೇನೋ? ಅದಕ್ಯಾಕೋ ಇಷ್ಟೊಂದು ಫೋಟೊ?" ಅಂದರು.

"ಎಲೆ ಅಲ್ಲ ಅಜ್ಜಿ, ಪತಂಗ. ಬನ್ನಿ, ಹತ್ತಿರದಿಂದ ನೋಡಿ" ಅಂದೆ.

ಅವರು ಹಾಗೆ ಅಂದಿದ್ದರಲ್ಲಿ ಆಶ್ಚರ್ಯವೇನಿಲ್ಲ. ಕಂದು ಬೂದಿಗೆ ಸ್ವಲ್ಪ ಹಸಿರು ಬೆರೆತ ಬಣ್ಣ, ಎಲೆಯ ನರದಂಥ ಗೆರೆ, ಚೂಪಾದ ರೆಕ್ಕೆ ತುದಿ. ತಲೆಯಿಂದ ರೆಕ್ಕೆಯ ತುದಿವರೆಗೆ ಸುಮಾರು 4.5 ಸೆಂಟಿಮೀಟರ್. ರೆಕ್ಕೆಗಳನ್ನು ಮನೆಯ ಮಾಡಿನಂತೆ ಇಳಿಜಾರಾಗಿ ಮಡಚಿಕೊಂಡಿತ್ತು. ಬಾಯಿಯ ಎರಡೂ ಪಕ್ಕದ ಅಂಗಗಳು ಮೂತಿಯ ಹಾಗೆ ಮುಂದಕ್ಕೆ ಚಾಚಿದ್ದವು. ಕುಡಿಮೀಸೆ ಸಣ್ಣ ದಾರದಷ್ಟೇ.

ನಮ್ಮ ದೇಶದಲ್ಲಿ ಚಿಟ್ಟೆಗಳು ಸುಮಾರು 1,300 ಬಗೆಯಾದರೆ ಪತಂಗಗಳು 10,000ಕ್ಕೂ ಜಾಸ್ತಿ. ಸುಮ್ನೆ ಒಂದೊಂದೇ ಚಿತ್ರ ಹೋಲಿಸುತ್ತಾ ಕೂತರೆ ಮುಗಿಯುವುದಿಲ್ಲ. ಮೊದಲು ಯಾವುದು ಅಲ್ಲ ಅಂತ ನೋಡಿಕೊಳ್ಳುತ್ತೇನೆ. ರೇಷ್ಮೆ ಪತಂಗ ನಮ್ಮ ಕಡೆಯವರಿಗೆ ಹೊಸದಲ್ಲ, ಅದರ ಬಳಗದವುಗಳ ಕುಡಿಮೀಸೆ ಬಾಚಣಿಗೆಯ ಹಲ್ಲಿನಂತೆ ಕವಲೊಡೆದಿರುತ್ತದೆ. ಇದರದ್ದು ಹಾಗಿಲ್ಲ. ಕಣಗಿಲೆ, ನಂದಿಬಟ್ಟಲಿಗೆ ಬರುವ ಹಸಿರು ಹಾಕ್ ಮಾತ್‌ನಂಥವಕ್ಕೆ ರೆಕ್ಕೆ ಕಿರಿದು, ಮೈ ದಪ್ಪಗಿದ್ದು ತುದಿಗೆ ಹೋಗ್ತಾ ಮೊನಚಾಗುತ್ತದೆ. ಅದೂ ಅಲ್ಲ. ರೆಕ್ಕೆಯನ್ನು ಗೋಡೆಗೆ ಅಂಟಿಸಿದಂತೆ ಅಗಲಿಸಿ ಕೂರುವ ಗುಂಪೂ ಇದಲ್ಲ.

ಮೊಬೈಲ್ ಆ್ಯಪ್‌ಗೆ ಫೋಟೊ ಕೊಟ್ಟೆ. ಯೂಡೊಸಿಮಾ ಎಂಬ ಕುಲ ಅಂತ ತೋರಿಸಿತು, ಕೆಳಗೆ ಆ ಕುಲದ ಹಲವು ಹೆಸರು. ಹಣ್ಣಿಗೆ ತೂತು ಕೊರೆದು ರಸ ಹೀರುವ ಪತಂಗಗಳ ಕುಲ ಇದು. ಮೂತಿ, ಚೂಪು ತುದಿ, ಎಲೆಯ ವೇಷ ಎಲ್ಲ ಹೊಂದುತ್ತಿದ್ದವು. ಆದರೆ ಆ್ಯಪ್ ಮೇಲೆ ಇಟ್ಟ ಹೆಸರನ್ನೇ ಹಾಗೇ ಒಪ್ಪಿಕೊಳ್ಳಲು ನನಗೆ ಮನಸ್ಸು ಬರುವುದಿಲ್ಲ. ಈ ಕುಲದಲ್ಲಿ ಮುಂದಿನ ರೆಕ್ಕೆಯ ಬಣ್ಣ ಗಂಡು ಹೆಣ್ಣಿಗೆ ಬೇರೆ ಇರುತ್ತದೆ, ಒಂದರಿಂದೊಂದಕ್ಕೂ ಬದಲಾಗುತ್ತದೆ. ಖಚಿತ ಗುರುತು ಇರುವುದು ಹಿಂದಿನ ರೆಕ್ಕೆಯಲ್ಲಿ. ಕೂತಾಗ ಅದು ಪೂರ್ತಿ ಮುಚ್ಚಿರುತ್ತದೆ.

ರೆಕ್ಕೆ ಹಿಡಿದು ಬಿಡಿಸಬಾರದು, ಪುಡಿ ಉದುರಿಬಿಡುತ್ತದೆ. ಮೊಬೈಲನ್ನು ಸ್ಲೋ ಮೋಷನ್ ವಿಡಿಯೊಗೆ ಹಾಕಿ ಮಗಳ ಕೈಗೆ ಕೊಟ್ಟೆ. ಒಂದು ಗರಿಕೆ ಹುಲ್ಲಿನ ತುದಿಯಿಂದ ಅದರ ಮುಂಗಾಲನ್ನು ಮೆಲ್ಲಗೆ ಮುಟ್ಟಿದೆ. ಸ್ವಲ್ಪ ಹೊತ್ತು ಅಲ್ಲಾಡಲಿಲ್ಲ. ಮತ್ತೆ ಮುಟ್ಟಿದಾಗ ಮುಂದಿನ ರೆಕ್ಕೆಗಳನ್ನು ತಟ್ಟನೆ ಎತ್ತಿತು. ಕೆಳಗಿಂದ ಉಜ್ವಲ ಕಿತ್ತಳೆ ಬಣ್ಣ! ಅಜ್ಜಿ "ಅಯ್ಯೋ ಶಿವನೇ" ಅಂತ ಹಿಂದೆ ಸರಿದರು. ಹಕ್ಕಿ ಬಂದು ಕುಕ್ಕಿದಾಗ ಅದನ್ನು ಬೆಚ್ಚಿಬೀಳಿಸುವುದೇ ಈ ಬಣ್ಣದ ಕೆಲಸ. ಮರುಕ್ಷಣ ರೆಕ್ಕೆ ಮುಚ್ಚಿ ಮತ್ತೆ ಎಲೆಯಾಯಿತು.

ವಿಡಿಯೊವನ್ನು ಒಂದೊಂದೇ ಚಿತ್ರವಾಗಿ ಸರಿಸಿ ನೋಡಿದೆವು. ಅಂಚಿಗೆ ಕಪ್ಪು ಪಟ್ಟಿ, ಕಿತ್ತಳೆಯ ನಡುವೆ ದುಂಡನೆಯ ಒಂದು ಕಪ್ಪು ಚುಕ್ಕೆ. ಇದೇ ನನಗೆ ಬೇಕಾಗಿದ್ದು. ಯೂಡೊಸಿಮಾ ಫಲೋನಿಯಾ ಆಗಿದ್ದರೆ ಆ ಜಾಗದಲ್ಲಿ ಗೋಡಂಬಿಯಂತೆ ಬಾಗಿದ ದೊಡ್ಡ ಗುರುತು ಇರಬೇಕಿತ್ತು. ದುಂಡು ಚುಕ್ಕೆ ಇರುವುದು ಯೂಡೊಸಿಮಾ ಮೆಟರ್ನಾಗೆ. ಮಾತ್ಸ್ ಆಫ್ ಇಂಡಿಯಾ ಜಾಲತಾಣದಲ್ಲಿ ರೆಕ್ಕೆ ಬಿಚ್ಚಿದ ಚಿತ್ರಗಳ ಜೊತೆ ಇಟ್ಟು ನೋಡಿದೆ, ಸರಿಹೋಯಿತು. ತೋಟಗಾರಿಕೆಯ ಹಳೆಯ ಪುಸ್ತಕಗಳಲ್ಲಿ ಹುಡುಕುವವರು ಒಥ್ರೇಯಿಸ್ ಮೆಟರ್ನಾ ಅನ್ನುವ ಹೆಸರಿನಲ್ಲಿ ನೋಡಬೇಕು. ಕಿತ್ತಳೆ, ದಾಳಿಂಬೆಯ ಕೀಟಗಳ ಪಟ್ಟಿಯಲ್ಲಿ ಸಿಗುತ್ತದೆ.

ಹೆಸರು ಸಿಕ್ಕ ಮೇಲೂ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದು ಇಲ್ಲಿಗೆ ಯಾಕೆ ಬಂತು? ಇದರ ಮರಿಹುಳು ಅಮೃತಬಳ್ಳಿಯ ಜಾತಿಯ ಬಳ್ಳಿಗಳನ್ನು ತಿನ್ನುತ್ತದೆ. ನಮ್ಮ ಹಿತ್ತಲ ಬೇವಿನ ಮರದ ತುಂಬಾ ಅಮೃತಬಳ್ಳಿಯೇ. ಕೋವಿಡ್ ಕಾಲದಲ್ಲಿ ಕಷಾಯಕ್ಕೆ ಅಂತ ನಮ್ಮ ಬೀದಿಯಲ್ಲಿ ಸುಮಾರು ಮನೆಯವರು ನೆಟ್ಟಿದ್ದರು. ಎಲೆ ಮಗುಚಿ ನೋಡುತ್ತಾ ಹೋದಾಗ ತೂತು ಬಿದ್ದ ಎಲೆಗಳ ನಡುವೆ ಕಪ್ಪು ಹುಳು ಸಿಕ್ಕಿತು. ಮೈಯ ಎರಡೂ ಪಕ್ಕ ದೊಡ್ಡ ಕಣ್ಣಿನಂಥ ಚುಕ್ಕೆಗಳು, ತಲೆ ಒಳಕ್ಕೆ ಬಾಗಿಸಿ ಹಿಂಭಾಗ ಮೇಲೆತ್ತಿ ಕೂತಿತ್ತು. ಬಳ್ಳಿ, ಹುಳು ಎರಡೂ ಕುಲಕ್ಕೆ ಸಾಕ್ಷಿ. ಪ್ರಭೇದಕ್ಕೆ ಸಾಕ್ಷಿ ಆ ಚುಕ್ಕೆ ಮಾತ್ರ. ಇದನ್ನು ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳುವುದು ಬಹಳ ಮುಖ್ಯ ಅಂತ ನನ್ನ ಅಭಿಪ್ರಾಯ. ವಿಡಿಯೊದಲ್ಲಿ ಚುಕ್ಕೆ ಸಿಗದೇ ಹೋಗಿದ್ದರೆ 'ಯೂಡೊಸಿಮಾ' ಅಂತಷ್ಟೇ ಬರೆದು ನಿಲ್ಲಿಸುತ್ತಿದ್ದೆ. ಎಷ್ಟೋ ಸಣ್ಣ ಕಂದು ಪತಂಗಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಒಳಗಿನ ಅಂಗ ಬಿಡಿಸಿ ನೋಡದೆ ತಜ್ಞರೂ ಹೆಸರಿಸುವುದಿಲ್ಲ. ಕುಲಕ್ಕೆ ನಿಲ್ಲಿಸುವುದರಲ್ಲಿ ಸಂಕೋಚವೇನೂ ಬೇಡ.

ವಿಷಯ ಕೇಳಿದ ಅಜ್ಜಿ ತಮ್ಮ ಸೀಬೆ ಮರದಿಂದ ಬಿದ್ದ ಹಣ್ಣು ತಂದು ತೋರಿಸಿದರು. ಸೂಜಿ ಚುಚ್ಚಿದಷ್ಟು ದುಂಡು ತೂತು, ಸುತ್ತ ಮೆತ್ತಗಾಗಿ ಕಂದಾಗಿತ್ತು. ಕೊಯ್ದು ನೋಡಿದೆವು, ಒಳಗೆ ಹುಳು ಇರಲಿಲ್ಲ. ಹಣ್ಣುನೊಣ ಮೊಟ್ಟೆ ಇಟ್ಟಿದ್ದರೆ ಬಿಳಿ ಮರಿಗಳು ಇರುತ್ತಿದ್ದವು. ಈ ಪತಂಗದ ಹೀರುಕೊಳವೆಯ ತುದಿ ಗಟ್ಟಿ, ಅದರಲ್ಲಿ ಮುಳ್ಳುಗಳಿರುತ್ತವೆ. ಕಿತ್ತಳೆಯ ಸಿಪ್ಪೆಯನ್ನೂ ತೂರುತ್ತದೆ. ಆ ತೂತಿನಿಂದ ಬೂಷ್ಟು ಒಳಗೆ ಹೋಗಿ ಹಣ್ಣು ಕೊಳೆತು ಉದುರುತ್ತದೆ.

"ಹಾಗಾದ್ರೆ ಆ ಬಳ್ಳಿ ಕಿತ್ತು ಹಾಕ್ಬೇಕೇನೋ?" ಅಂತ ಕೇಳಿದರು ಅಜ್ಜಿ. ಬೇಡ ಅಂದೆ. ದೊಡ್ಡ ಪತಂಗ ದೂರದಿಂದಲೂ ಹಾರಿ ಬರುತ್ತದೆ, ಕೆರೆ ಕಡೆಯ ಪೊದೆಗಳಲ್ಲೂ ಇಂಥ ಬಳ್ಳಿಗಳಿವೆ. ಹಣ್ಣಿಗೆ ರಸ ಹೀರಲು ಬರುವುದು ಕತ್ತಲಾದ ಮೇಲೆ. ಕಾಯಿ ಬಲಿಯುವಾಗಲೇ ಬಟ್ಟೆಯ ಚೀಲ ಕಟ್ಟಿದರೆ ಆಯಿತು, ಉದುರಿದ ಹಣ್ಣನ್ನು ಮರದ ಬುಡದಲ್ಲಿ ಬಿಡಬಾರದು ಅಂತ ಹೇಳಿದೆ. ಹಳೇ ಪಂಚೆ ಹರಿದು ಚೀಲ ಹೊಲಿದುಕೊಟ್ಟಿದ್ದು ಅವರ ಸೊಸೆ.