ಜರ್ಕಿನ್ನಿನ ಒಳಗಿದ್ದ ಹೆಸರು

ಗಾಡಿಯ ಕೀ ಕಿತ್ತುಕೊಂಡ ಪೊಲೀಸರ ಕೈಯನ್ನು ನಾನು ಹಿಡಿಯಲಿಲ್ಲ. ನನ್ನ ಕೈ ಅರ್ಧದವರೆಗೆ ಹೋಗಿತ್ತು, ಹೇಗೋ ಹಿಂದಕ್ಕೆ ಎಳೆದುಕೊಂಡು ಸ್ಟಿಯರಿಂಗ್ ಹಿಡಿದು ಕುಳಿತೆ. ಸಮವಸ್ತ್ರದಲ್ಲಿರುವವರ ಮೈ ಮುಟ್ಟಿದರೆ ಅಲ್ಲಿಗೆ ನಮ್ಮ ದೂರು ಮುಗಿಯಿತು, ‘ಕರ್ತವ್ಯಕ್ಕೆ ಅಡ್ಡಿ’ ಎಂಬ ಅವರ ಪ್ರಕರಣ ಶುರುವಾಯಿತು ಎಂದೇ ಅರ್ಥ. ಹಿಂದೆ ಭಾರತೀಯ ದಂಡ ಸಂಹಿತೆಯ 353ನೇ ಕಲಂ ಆಗಿದ್ದದ್ದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 132ನೇ ಕಲಂ ಆಗಿದೆ. ಜಾಮೀನುರಹಿತ ಅಪರಾಧ. ಆ ಸಂಜೆ ನನಗೆ ಕಲಂ ಸಂಖ್ಯೆ ಗೊತ್ತಿರಲಿಲ್ಲ. ನನ್ನ ಪಕ್ಕದ ಊರಿನ ಲಾರಿ ಚಾಲಕರೊಬ್ಬರು ಇಂಥದ್ದೇ ಪ್ರಕರಣದಲ್ಲಿ ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆದದ್ದು ಮಾತ್ರ ನೆನಪಿತ್ತು.

ಅದು 2025ರ ಜನವರಿಯ ಕೊನೆಯ ವಾರ. ಉತ್ತರ ಕೊಡಗಿನಲ್ಲಿ ನನ್ನದೊಂದು ಪಿಕಪ್ ಇದೆ. ಕಾಫಿ ಕೊಯ್ಲಿನ ಕಾಲದಲ್ಲಿ ಸುತ್ತಲಿನ ಸಣ್ಣ ಬೆಳೆಗಾರರ ಕಣಗಳಿಂದ ಒಣಗಿದ ಕಾಫಿ ಮೂಟೆಗಳನ್ನು ಕುಶಾಲನಗರದಲ್ಲಿ ಕಾಫಿಯ ಸಿಪ್ಪೆ ಸುಲಿದು ಹದಮಾಡುವ ಕ್ಯೂರಿಂಗ್ ವರ್ಕ್ಸ್‌ಗಳಿಗೆ ಸಾಗಿಸುತ್ತೇನೆ. ಮೂಟೆ ಏರಿಸಿ ಇಳಿಸಲು ಇಪ್ಪತ್ತೆರಡು ವರ್ಷದ ಒಬ್ಬ ಹುಡುಗ ಜೊತೆಗಿರುತ್ತಾನೆ. ಅವನ ಮನೆ ಕಾಡಂಚಿನ ಒಂದು ಹಾಡಿಯಲ್ಲಿ, ಅಂದರೆ ಆದಿವಾಸಿಗಳ ಸಣ್ಣ ವಸತಿಯಲ್ಲಿ. ಮೂರು ವರ್ಷದಿಂದ ನನ್ನೊಡನೆ ದುಡಿಯುತ್ತಿದ್ದಾನೆ, ನನ್ನನ್ನು ‘ಅಣ್ಣ’ ಎಂದೇ ಕರೆಯುತ್ತಾನೆ. ಘಟನೆ ನಡೆದ ತಿರುವು ಯಾವುದು, ಅದು ಯಾವ ಠಾಣೆಯ ವ್ಯಾಪ್ತಿ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬೇಕಾದ ಕಡೆ ಬರೆದಾಗಿದೆ.

ಸಂಜೆ ಏಳು ಗಂಟೆಯ ಹೊತ್ತು. ಮಂಜು ಇಳಿದಿತ್ತು. ತಿರುವಿನಲ್ಲಿ ಜೀಪು ನಿಲ್ಲಿಸಿಕೊಂಡು ಇಬ್ಬರು ನಿಂತಿದ್ದರು. ಚಳಿಗೆ ಜರ್ಕಿನ್ ಹಾಕಿಕೊಂಡಿದ್ದರಿಂದ ಇಬ್ಬರ ಎದೆಯ ಮೇಲಿನ ಹೆಸರೂ ಕಾಣುತ್ತಿರಲಿಲ್ಲ. ದಾಖಲೆ ಕೇಳಿದರು. ಕೊಡುವುದು ನನ್ನ ಕರ್ತವ್ಯ. ಮೋಟಾರು ವಾಹನ ಕಾಯ್ದೆಯ 130ನೇ ಕಲಂ ಪ್ರಕಾರ ಸಮವಸ್ತ್ರದಲ್ಲಿರುವ ಯಾವುದೇ ಪೊಲೀಸ್ ಅಧಿಕಾರಿ ಕೇಳಿದರೂ ಚಾಲನಾ ಪರವಾನಗಿ ತೋರಿಸಬೇಕು. ಮೊಬೈಲ್‌ನಲ್ಲಿ ತೋರಿಸಿದರೂ ಅದು ಸಿಂಧು. ಆದರೆ ಆ ಇಳಿಜಾರಿನಲ್ಲಿ ಟವರ್ ಸಿಗುವುದಿಲ್ಲ. ದಾಖಲೆಗಳನ್ನು ಇಟ್ಟುಕೊಳ್ಳುವ ಸರಕಾರಿ ಆ್ಯಪ್ ಡಿಜಿಲಾಕರ್ ತೆರೆದುಕೊಳ್ಳದೆ ಸುತ್ತುತ್ತಲೇ ಇತ್ತು. ಮೂಲ ಪ್ರತಿಗಳೆಲ್ಲ ಮನೆಯ ಬೀರುವಿನಲ್ಲಿದ್ದವು. ಕೊನೆಗೆ ದಾಖಲೆಗಳು ತೆರೆದಾಗ ಇನ್ನೊಂದು ತಪ್ಪು ಹೊರಬಿತ್ತು: ಹೊಗೆ ತಪಾಸಣೆಯ ಪ್ರಮಾಣಪತ್ರದ ಅವಧಿ ಆರು ದಿನದ ಹಿಂದೆಯೇ ಮುಗಿದಿತ್ತು. ಅದು ನನ್ನದೇ ತಪ್ಪು. ದೂರಿನಲ್ಲೂ ಅದನ್ನು ಮೊದಲ ಸಾಲಿನಲ್ಲೇ ಬರೆದೆ.

“ಎರಡು ಸಾವಿರ ಕೊಟ್ಟು ಹೊರಡು” ಎಂದರು.

“ದಂಡ ಕಟ್ಟುತ್ತೇನೆ ಸರ್, ರಸೀದಿ ಕೊಡಿ” ಎಂದೆ.

ಆಗ ಕಿಟಕಿಯೊಳಗೆ ಕೈ ತೂರಿಸಿ ಕೀ ಕಿತ್ತುಕೊಂಡರು. ನನ್ನ ತಂದೆಯ ವಯಸ್ಸನ್ನೂ ತಾಯಿಯ ಮಾನವನ್ನೂ ಸೇರಿಸಿ ಬೈದರು. ಪಕ್ಕದಲ್ಲಿದ್ದ ಹುಡುಗ ಹೇಳಿದ್ದು ಇಷ್ಟೇ: “ಸರ್, ಮೂಟೆ ಇಳಿಸುವ ಹೊತ್ತಾಯಿತು.” ಬೈದವರು ವಾಹನ ಬಳಸಿಕೊಂಡು ಆ ಕಡೆಗೆ ಹೋಗಿ, ಬಾಗಿಲು ತೆಗೆದು, ಅವನ ಎಡಗಿವಿಯ ಮೇಲೆ ಹೊಡೆದರು. ಅಂಗೈ ಬಿದ್ದ ಸದ್ದು ನನಗೆ ಇಂದಿಗೂ ಕೇಳಿಸುತ್ತದೆ. ನಾನು ಒಂದು ಸಾವಿರ ರೂಪಾಯಿ ಕೊಟ್ಟೆ. ಕೀ ಸೀಟಿನ ಮೇಲೆ ಬಿತ್ತು. ಹೊರಡುವಾಗ ಹೆಡ್‌ಲೈಟಿನ ಬೆಳಕಿನಲ್ಲಿ ಜೀಪಿನ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನು ಓದಿಕೊಂಡೆ. ಮುಖ್ಯರಸ್ತೆಗೆ ಬರುವವರೆಗೂ ಬಾಯಲ್ಲಿ ಅದನ್ನೇ ಹೇಳುತ್ತಿದ್ದೆ.

ಟವರ್ ಸಿಕ್ಕ ಕೂಡಲೇ ತುರ್ತು ಸಹಾಯವಾಣಿ 112ಕ್ಕೆ ಕರೆ ಮಾಡಿದೆ. ಪೊಲೀಸರ ಮೇಲಿನ ದೂರನ್ನು ಪೊಲೀಸರಿಗೇ ಹೇಳಿ ಏನು ಪ್ರಯೋಜನ ಎಂದು ಹುಡುಗ ಕೇಳಿದ. ಆ ಹೊತ್ತಿಗೆ ಯಾರಾದರೂ ಓಡಿ ಬರುತ್ತಾರೆಂಬ ನಿರೀಕ್ಷೆ ನನಗೂ ಇರಲಿಲ್ಲ. ಘಟನೆಯಾದ ಇಪ್ಪತ್ತು ನಿಮಿಷದಲ್ಲಿ ನಾನು ಇದನ್ನು ಹೇಳಿದ್ದೆ ಎಂಬುದಕ್ಕೆ ಸಾಕ್ಷಿ ಬೇಕಿತ್ತು. ಕರೆಯ ಸಮಯ ನನ್ನ ಮೊಬೈಲ್‌ನಲ್ಲೂ ಉಳಿಯಿತು, ಅಲ್ಲಿಯೂ ದಾಖಲಾಯಿತು. ಎಂಟು ತಿಂಗಳ ನಂತರ ವಿಚಾರಣಾಧಿಕಾರಿ ಮೊದಲು ಕೇಳಿದ್ದೇ ಆ ಕರೆಯ ಬಗ್ಗೆ.

ಆ ರಾತ್ರಿ ಊಟಕ್ಕೆ ಮುಂಚೆ ಬರೆಯಲು ಕುಳಿತೆ. ನಾಲ್ಕು ಹಾಳೆಯಾಯಿತು. ಎಷ್ಟು ಗಂಟೆ, ಯಾವ ಕಿಲೋಮೀಟರ್ ಕಲ್ಲಿನ ಬಳಿ, ಯಾರು ಎಲ್ಲಿ ನಿಂತಿದ್ದರು, ಹೊಡೆದ ಕೈಯಲ್ಲಿ ಉಂಗುರವಿತ್ತೇ, ಅವರು ಏನೆಂದರು, ನಾನು ಏನೆಂದೆ. ಬೈಗುಳಗಳನ್ನು ಕೇಳಿದ ಹಾಗೆಯೇ ಬರೆದೆ, ‘ಅವಾಚ್ಯ ಶಬ್ದಗಳಿಂದ ನಿಂದಿಸಿದರು’ ಎಂದು ಮುಚ್ಚಿಡಲಿಲ್ಲ. ‘ಕುಡಿದಿದ್ದರು’ ಎಂದು ಒಂದು ಕಡೆ ಬರೆದಿದ್ದೆ. ಮತ್ತೆ ಓದುವಾಗ ನನ್ನನ್ನೇ ಕೇಳಿಕೊಂಡೆ: ವಾಸನೆ ಬಂದಿತ್ತೇ? ಇಲ್ಲ. ಕೋಪದಲ್ಲಿ ಹಾಗೆ ಅನಿಸಿತ್ತು, ಅಷ್ಟೆ. ಅದನ್ನು ಹೊಡೆದುಹಾಕಿದೆ. ಆ ಒಂದು ಸುಳ್ಳು ಉಳಿದಿದ್ದರೆ ಉಳಿದ ನಾಲ್ಕು ಹಾಳೆಯ ನಿಜವೂ ಅದರೊಂದಿಗೆ ಬಿದ್ದುಹೋಗುತ್ತಿತ್ತು.

ನನ್ನ ತಾಯಿ ಹಾಳೆಗಳನ್ನು ನೋಡಿ ಹೆದರಿದರು. 2021ರ ಜೂನ್‌ನಲ್ಲಿ ವಿರಾಜಪೇಟೆಯಲ್ಲಿ ಮಾನಸಿಕ ಅಸ್ವಸ್ಥರೊಬ್ಬರು ಪೊಲೀಸರ ಹೊಡೆತದಿಂದ ಸತ್ತರೆಂಬ ಆರೋಪ ಬಂದು ಎಂಟು ಮಂದಿ ಪೊಲೀಸರು ಅಮಾನತಾದ ಸುದ್ದಿಯನ್ನು ಕೊಡಗಿನಲ್ಲಿ ಯಾರೂ ಮರೆತಿಲ್ಲ. “ಒಂದು ಸಾವಿರ ಹೋಯಿತು, ಹೋಗಲಿ ಬಿಡು” ಎಂದರು. ಹಣವಷ್ಟೇ ಆಗಿದ್ದರೆ ಬಹುಶಃ ಬಿಟ್ಟುಬಿಡುತ್ತಿದ್ದೆ.

ಮಾರನೆಯ ದಿನ ಹುಡುಗನನ್ನು ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಏನಾಯಿತು ಎಂದು ವೈದ್ಯರು ಕೇಳಿದಾಗ ಅವನು “ಮೂಟೆ ತಾಗಿತು” ಎಂದ. ನಾನು ಬಾಯಿ ಹಾಕಲು ಹೊರಟೆ. ಅವನು ನನ್ನನ್ನು ನೋಡಿದ ನೋಟಕ್ಕೆ ಸುಮ್ಮನಾದೆ. ಹೊರಗೆ ಬಂದ ಮೇಲೆ ಹೇಳಿದ: “ಅಣ್ಣ, ನೀವು ಗೇಟು ಹಾಕಿಕೊಂಡು ಮನೆಯಲ್ಲಿ ಮಲಗುತ್ತೀರಿ. ನಮ್ಮ ಹಾಡಿಗೆ ಗೇಟಿಲ್ಲ.”

ಇಡೀ ರಾತ್ರಿ ಬರೆದು ಸಿದ್ಧಮಾಡಿದ್ದೆನಲ್ಲ, ಅದರಲ್ಲಿ ಒಮ್ಮೆಯೂ ಅವನನ್ನು ಕೇಳಿರಲಿಲ್ಲ. ಏಟು ತಿಂದವನು ಅವನು, ದೂರು ಬರೆದವನು ನಾನು. ಇದು ನಾನು ಮಾಡಿದ ದೊಡ್ಡ ತಪ್ಪು, ಹೊಗೆ ಪ್ರಮಾಣಪತ್ರಕ್ಕಿಂತ ಎಷ್ಟೋ ದೊಡ್ಡದು. “ನಿನಗೆ ಬೇಡವೆಂದರೆ ನಿನ್ನ ಹೆಸರು ಬರೆಯುವುದಿಲ್ಲ, ನನ್ನ ಹಣದ ವಿಷಯವನ್ನಷ್ಟೇ ಬರೆಯುತ್ತೇನೆ” ಎಂದು ಹೇಳಿ ಸುಮ್ಮನಾದೆ. ಮೂರನೆಯ ದಿನ ಅವನೇ ಬಂದ. ಕಿವಿಯೊಳಗೆ ಗುಂಯ್ ಎನ್ನುವುದು ನಿಂತಿರಲಿಲ್ಲ. ಅವನ ಅಜ್ಜಿ ಏನಾಯಿತೆಂದು ಕೇಳಿದ್ದರಂತೆ, ಅವರ ಮುಂದೆ ಮೂಟೆಯ ಕತೆ ಹೇಳಲು ಆಗಲಿಲ್ಲವಂತೆ.

ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಕಿವಿಯ ವೈದ್ಯರು ನೋಡಿ ತಮಟೆಯಲ್ಲಿ ಸಣ್ಣ ತೂತಾಗಿದೆ ಎಂದರು. ನೀರು ಹೋಗದಂತೆ ನೋಡಿಕೊಂಡರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನೇ ಕೂಡಿಕೊಳ್ಳುತ್ತದೆಯಂತೆ. ಈ ಸಲ ಅವನು ಕಾರಣವನ್ನು ನಿಜವಾಗಿ ಹೇಳಿದ, ವೈದ್ಯರು ಹೇಳಿದಂತೆಯೇ ದಾಖಲಿಸಿಕೊಂಡರು. ಆದರೆ ಮೊದಲ ಆಸ್ಪತ್ರೆಯ ಚೀಟಿಯಲ್ಲಿ ‘ಮೂಟೆ ತಾಗಿ’ ಎಂದೇ ಇತ್ತು. ಅದನ್ನು ಹರಿದುಹಾಕೋಣ ಎಂಬ ಯೋಚನೆ ಬಂದದ್ದು ನಿಜ. ಹರಿಯಲಿಲ್ಲ. ಎರಡೂ ಚೀಟಿಗಳನ್ನು ಲಗತ್ತಿಸಿ, ಮೊದಲ ದಿನ ಯಾಕೆ ಹಾಗೆ ಹೇಳಿದೆ ಎಂಬುದನ್ನು ಅವನ ಮಾತಿನಲ್ಲೇ ಬರೆದೆವು.

ಆಸ್ಪತ್ರೆಯಿಂದ ನೇರವಾಗಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದೆವು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಕೊಡಬೇಕೆಂದು 1987ರ ಕಾಯ್ದೆಯಲ್ಲೇ ಇದೆ. 15100 ಅವರ ಸಹಾಯವಾಣಿ. ಅಲ್ಲಿ ಸಿಕ್ಕ ವಕೀಲೆ ನನ್ನ ನಾಲ್ಕು ಹಾಳೆಯನ್ನು ಒಂದೂವರೆ ಹಾಳೆಗೆ ಇಳಿಸಿದರು. ಜಾತಿ ಎತ್ತಿ ಬೈದರೇ ಎಂದು ಹುಡುಗನನ್ನು ಎರಡು ಸಲ ಕೇಳಿದರು. ಇಲ್ಲ ಎಂದ. “ಹಾಗಾದರೆ ಅದನ್ನು ಬರೆಯುವುದು ಬೇಡ” ಎಂದರು. ನನಗೆ ಅವರ ಮೇಲೆ ನಂಬಿಕೆ ಹುಟ್ಟಿದ್ದು ಅಲ್ಲಿಯೇ.

ಹಣದ ವಿಷಯದಲ್ಲಿ ಅವರು ಹೇಳಿದ್ದು ನನ್ನನ್ನು ಬೆಚ್ಚಿಬೀಳಿಸಿತು. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಂದ ತಿದ್ದುಪಡಿಯ ನಂತರ ಲಂಚ ಕೊಟ್ಟವನೂ ಅಪರಾಧಿಯೇ. ಬಲವಂತದಿಂದ ಕೊಟ್ಟಿದ್ದರೆ ಏಳು ದಿನದೊಳಗೆ ಅದನ್ನು ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಬೇಕು, ಆಗ ಮಾತ್ರ ರಕ್ಷಣೆ. ನಾವು ಐದನೆಯ ದಿನ ಮಡಿಕೇರಿಯ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳ ಕಚೇರಿಯಲ್ಲಿ ದೂರು ಕೊಟ್ಟೆವು. ನಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳದೆ ಅಲ್ಲಿಂದ ಕದಲಲಿಲ್ಲ. ಅದೇ ದೂರನ್ನು ನೋಂದಾಯಿತ ಅಂಚೆಯಲ್ಲೂ ಕಳುಹಿಸಿದೆವು. ಒಂದು ಪ್ರತಿ ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಹೋಯಿತು. ಅಲ್ಲಿಗೆ ಶುಲ್ಕವಿಲ್ಲ, ಆದರೆ ಘಟನೆ ನಡೆದ ಒಂದು ವರ್ಷದೊಳಗೆ ದೂರು ಕೊಡಬೇಕು. ಇನ್ನೊಂದು ಪ್ರತಿ ಪೊಲೀಸ್ ದೂರು ಪ್ರಾಧಿಕಾರಕ್ಕೆ. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಕೊಟ್ಟ ತೀರ್ಪಿನ ಫಲವಾಗಿ ಇಂಥ ಪ್ರಾಧಿಕಾರಗಳು ಬಂದವು ಎಂಬುದು ನನಗೆ ಗೊತ್ತಾದದ್ದು ಆ ವಕೀಲೆಯಿಂದಲೇ.

ಹೆಸರು ಮಾತ್ರ ಇನ್ನೂ ಸಿಕ್ಕಿರಲಿಲ್ಲ. ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಕರ್ನಾಟಕದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯದ ಮೇಲಿರಬೇಕು. ಆದ್ದರಿಂದ ‘ಏಕೆ ಹೊಡೆದರು’ ಎಂಬಂಥ ಪ್ರಶ್ನೆಗಳಿಗೆ ಜಾಗವಿಲ್ಲ, ದಾಖಲೆಯನ್ನಷ್ಟೇ ಕೇಳಬೇಕು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು, ಆ ದಿನಾಂಕದಂದು ಸಂಜೆ ಆರರಿಂದ ಎಂಟರವರೆಗೆ ಆ ಸಂಖ್ಯೆಯ ಜೀಪಿನಲ್ಲಿ ಕರ್ತವ್ಯಕ್ಕೆ ನಿಯೋಜಿತರಾದವರ ಪಟ್ಟಿ ಮತ್ತು ಆ ಎರಡು ಗಂಟೆಯಲ್ಲಿ ಕೊಟ್ಟ ದಂಡದ ರಸೀದಿಗಳ ವಿವರ ಕೇಳಿದೆ. ಉತ್ತರ ಇಪ್ಪತ್ತೊಂಬತ್ತನೆಯ ದಿನ ಬಂತು. ಜರ್ಕಿನ್ನಿನೊಳಗಿದ್ದ ಎರಡು ಹೆಸರುಗಳೂ ಅದರಲ್ಲಿದ್ದವು. ಆ ಎರಡು ಗಂಟೆಯಲ್ಲಿ ಒಂದು ರಸೀದಿಯನ್ನೂ ಕೊಟ್ಟಿರಲಿಲ್ಲ.

ಮೇ ತಿಂಗಳಲ್ಲಿ ಮಂಡ್ಯದ ಸುದ್ದಿ ಬಂತು. ಸಂಚಾರ ಪೊಲೀಸರು ತಡೆದಾಗ ಬೈಕಿನಿಂದ ಬಿದ್ದು ಪುಟ್ಟ ಮಗುವೊಂದು ಸತ್ತಿತ್ತು. ಅದನ್ನು ಓದಿದ ದಿನ ನಾನು ಗಾಡಿ ತೆಗೆಯಲಿಲ್ಲ. ಅದಾದ ಮೇಲೆ ರಾಜ್ಯದ ಪೊಲೀಸ್ ಮುಖ್ಯಸ್ಥರು ಹೊರಡಿಸಿದ ಸೂಚನೆಗಳಲ್ಲಿ ವಾಹನದ ಕೀ ಕಿತ್ತುಕೊಳ್ಳಬಾರದು ಎಂಬುದೂ ಇತ್ತು. ವಕೀಲೆ ಅದರ ಪ್ರತಿಯನ್ನು ನಮ್ಮ ಕಡತಕ್ಕೆ ಸೇರಿಸಿದರು. ಪರವಾನಗಿಯನ್ನು ವಶಪಡಿಸಿಕೊಳ್ಳಲು 206ನೇ ಕಲಂ ಇದೆ, ಆಗಲೂ ತಾತ್ಕಾಲಿಕ ಸ್ವೀಕೃತಿ ಕೊಡಲೇಬೇಕು, ಅದನ್ನಿಟ್ಟುಕೊಂಡು ನಾವು ವಾಹನ ಓಡಿಸಬಹುದು. ಓಡುವ ಗಾಡಿಯ ಕೀಗೆ ಕೈ ಹಾಕುವ ಅಧಿಕಾರವನ್ನು ಕಾಯ್ದೆಯಲ್ಲಿ ನಾನು ಎಲ್ಲಿಯೂ ಕಾಣಲಿಲ್ಲ.

ಸೆಪ್ಟೆಂಬರ್‌ನಲ್ಲಿ ನಮ್ಮ ದೂರಿನ ವಿಚಾರಣೆಗಾಗಿ ಹೇಳಿಕೆಗೆ ಕರೆದರು. ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಮುಗಿದ ವಾರ, ಜೋರು ಮಳೆ. ನನ್ನನ್ನು ಇಪ್ಪತ್ತು ನಿಮಿಷ, ಹುಡುಗನನ್ನು ಎರಡು ಗಂಟೆ ಕೂರಿಸಿ ಕೇಳಿದರು. ‘ಮೂಟೆ’ ಎಂದದ್ದೇಕೆ ಎಂಬ ಪ್ರಶ್ನೆ ನಾಲ್ಕು ರೂಪದಲ್ಲಿ ಬಂತಂತೆ. ನಾಲ್ಕು ಸಲವೂ ಅವನು ಒಂದೇ ಉತ್ತರ ಕೊಟ್ಟ: “ಹೆದರಿದ್ದೆ.” ವಿಚಾರಣಾಧಿಕಾರಿ ಅವನನ್ನು ಬಹುವಚನದಲ್ಲಿ ಮಾತನಾಡಿಸಿದರು. ಹೊರಗೆ ಬಂದಾಗ ಅವನು ಮೊದಲು ಹೇಳಿದ್ದೇ ಅದನ್ನು.

ಫಲಿತಾಂಶ ಹೀಗಿದೆ. ಹೊಡೆದವರ ಮೇಲೆ ಇಲಾಖಾ ವಿಚಾರಣೆ ಆರಂಭವಾಗಿದೆ, ಅವರನ್ನು ಬೇರೆ ಕಡೆಗೆ ಕಳುಹಿಸಿದ್ದಾರೆ. ಹಣ ಪಡೆದದ್ದಕ್ಕೆ ಸಾಕ್ಷ್ಯ ಸಾಲದು ಎಂದು ಪತ್ರದಲ್ಲಿದೆ. ಇದು ನನಗೆ ಒಪ್ಪಿಗೆಯಾಗಿಲ್ಲ. ಎಫ್‌ಐಆರ್ ಆಗಬೇಕೆಂದು ನ್ಯಾಯಾಲಯಕ್ಕೆ ಹೋಗುವ ದಾರಿ ಇತ್ತು, ಹುಡುಗ ಬೇಡವೆಂದ. ಈ ಸಲ ನಾನು ಒತ್ತಾಯಿಸಲಿಲ್ಲ. ಆಯೋಗದ ಮುಂದಿರುವ ದೂರು ಇನ್ನೂ ನಡೆಯುತ್ತಿದೆ.

ಈಗ ಗಾಡಿಯಲ್ಲಿ ಮುಂದಕ್ಕೂ ಒಳಕ್ಕೂ ನೋಡುವ ಕ್ಯಾಮೆರಾ ಇದೆ. ಮೊಬೈಲ್ ಎತ್ತಿ ಮುಖಕ್ಕೆ ಹಿಡಿದರೆ ಎದುರಿನವರ ಸಿಟ್ಟು ಏರುತ್ತದೆ, ಅದರಿಂದ ಏಟು ಬೀಳುವುದು ಪಕ್ಕದಲ್ಲಿ ಕುಳಿತವರಿಗೆ. ಗಾಜಿಗೆ ಅಂಟಿಸಿದ ಕ್ಯಾಮೆರಾ ಯಾರನ್ನೂ ಕೆಣಕದೆ ತನ್ನ ಕೆಲಸ ಮಾಡುತ್ತದೆ. ಮೂಲ ದಾಖಲೆಗಳು ಪ್ಲಾಸ್ಟಿಕ್ ಕವರಿನಲ್ಲಿ ಡ್ಯಾಶ್‌ಬೋರ್ಡಿನೊಳಗಿವೆ. ರಾತ್ರಿ ತಡೆದರೆ ಎಂಜಿನ್ ಆರಿಸಿ, ಒಳಗಿನ ದೀಪ ಹಾಕಿ, ಎರಡೂ ಕೈಗಳನ್ನು ಸ್ಟಿಯರಿಂಗ್ ಮೇಲೆ ಇಡುತ್ತೇನೆ.

ದೂರಿನ ಕೊನೆಯಲ್ಲಿ ನಾವು ಒಂದು ಸಾಲು ಬರೆದಿದ್ದೆವು. ಬಂಧಿಸುವ ಪೊಲೀಸರ ಹೆಸರು ಸ್ಪಷ್ಟವಾಗಿ ಕಾಣುವಂತಿರಬೇಕು ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಹೇಳಿದೆ, ಚಳಿಗಾಲದ ತಪಾಸಣೆಯಲ್ಲೂ ಹೆಸರಿನ ಪಟ್ಟಿ ಜರ್ಕಿನ್ನಿನ ಮೇಲೆ ಇರುವಂತೆ ಮಾಡಿ ಎಂದು. ಅದಕ್ಕೆ ಉತ್ತರವೇನೂ ಬರಲಿಲ್ಲ. ಕಳೆದ ಡಿಸೆಂಬರ್‌ನಲ್ಲಿ ಅದೇ ತಿರುವಿನಲ್ಲಿ ನಮ್ಮನ್ನು ತಡೆದರು. ಬೇರೆಯವರು. ದಾಖಲೆ ನೋಡಿ ಎರಡು ನಿಮಿಷದಲ್ಲಿ ಬಿಟ್ಟರು. ಜರ್ಕಿನ್ನಿನ ಮೇಲೆ, ಎದೆಯ ಬಲಭಾಗದಲ್ಲಿ, ಹೆಸರಿನ ಪಟ್ಟಿ ಪಿನ್ನು ಹಾಕಿತ್ತು. ಹುಡುಗ ಎಡಗಡೆಯಿಂದ ಬಾಗಿ ಅದನ್ನು ಓದಿದ.