ಮೇಷ್ಟ್ರ ಬೆನ್ನುಡಿ

ಬೆನ್ನುಡಿ ನೋಡಿ ಹೇಳಿ ಅಂತ ಯಾರಾದರೂ ಕಳಿಸಿದರೆ ನಾನು ಹಸ್ತಪ್ರತಿ ಮುಟ್ಟುವುದಿಲ್ಲ. ಕಥೆ ಗೊತ್ತಿದ್ದರೆ ಬೆನ್ನುಡಿಯಲ್ಲಿ ಇಲ್ಲದ್ದನ್ನೂ ನಾವೇ ತುಂಬಿಕೊಂಡು ಓದುತ್ತೇವೆ. ಪುಸ್ತಕ ಮಳಿಗೆಯಲ್ಲಿ ನಿಂತು, ಪುಸ್ತಕ ತಿರುಗಿಸಿ ನೋಡುವವರಿಗೆ ಸಿಗುವುದು ಆ ಒಂದು ಪುಟ ಮಾತ್ರ. ನನಗೂ ಅಷ್ಟೇ ಸಾಕು.

ಈ ಸಲ ಕಳಿಸಿದವರು ಸಾಗರದ ಕಡೆಯ ಮೇಷ್ಟ್ರು. ನಿವೃತ್ತರಾದ ಮೇಲೆ ಬರೆದ ಮೊದಲ ಕಾದಂಬರಿ. ಶರಾವತಿ ಹಿನ್ನೀರಿನ ಆಚೆ, ಕರೂರು ಹೋಬಳಿಯಲ್ಲಿ ನಡೆಯುವ ಕಥೆ. ನಮ್ಮಲ್ಲಿ ಸಾಮಾನ್ಯವಾಗಿ ಹಿರಿಯರೊಬ್ಬರ ಮುನ್ನುಡಿಯಿಂದ ನಾಲ್ಕು ಸಾಲು ಎತ್ತಿ ಹಿಂದೆ ಹಾಕುತ್ತಾರೆ. ಇಲ್ಲಿ ಪ್ರಕಾಶಕರು ನೀವೇ ಬರೆದುಕೊಡಿ ಅಂದಿದ್ದರಂತೆ. ಮೇಷ್ಟ್ರು, ಹಿರಿಯರು ಹೇಗೆ ಹೊಗಳುತ್ತಾರೋ ಹಾಗೇ ತಮ್ಮನ್ನು ತಾವೇ ಹೊಗಳಿಕೊಂಡಿದ್ದರು. "ಮಲೆನಾಡಿನ ಮಣ್ಣಿನ ಸೊಗಡನ್ನು ಮನೋಜ್ಞವಾಗಿ ಕಟ್ಟಿಕೊಡುವ ಈ ಕೃತಿ ಓದುಗರನ್ನು ಬಹುಕಾಲ ಕಾಡದೇ ಇರದು" ಅಂತ ಶುರು. ಪಾಪ, ಅವರದ್ದೇನು ತಪ್ಪಿಲ್ಲ. ಎಲ್ಲ ಬೆನ್ನುಡಿಗಳೂ ಹೀಗೇ ಇರುತ್ತವೆ ಅಲ್ವಾ?

ವಾಟ್ಸ್ಆ್ಯಪ್‌ನಲ್ಲಿ ಓದಿದರೆ ಬರಹದ ಉದ್ದ ಗೊತ್ತಾಗುವುದಿಲ್ಲ. ಡೆಮಿ 1/8 ಪುಸ್ತಕ ಅಂದರೆ ಅಗಲ ಐದೂವರೆ ಇಂಚು, ಎತ್ತರ ಎಂಟೂವರೆ. ಅಷ್ಟರಲ್ಲೇ ಲೇಖಕರ ಫೋಟೊ, ಪ್ರಕಾಶನದ ಗುರುತು, ಬೆಲೆ, ಐಎಸ್‌ಬಿಎನ್ ಬಾರ್‌ಕೋಡ್ ಎಲ್ಲ ಹಿಡಿಸಬೇಕು. ಅದೇ ಅಳತೆಯ ಚೌಕ ಹಾಕಿ, ಇವಕ್ಕೆಲ್ಲ ಜಾಗ ಬಿಟ್ಟು, ಉಳಿದಿದ್ದರಲ್ಲಿ ಮೇಷ್ಟ್ರ ಬರಹ ಕೂರಿಸಿದೆ. ಗೋಪಿ ಸರ್ಕಲ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದೆ. ಔಷಧಿ ಡಬ್ಬದೊಳಗಿನ ಚೀಟಿಯ ಹಾಗೆ ಕಂಡಿತು. ಅದರ ಫೋಟೊ ತೆಗೆದು ಕಳಿಸಿದೆ. ಉದ್ದ ಜಾಸ್ತಿಯಾಯಿತು ಅಂತ ನಾನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಆಮೇಲೆ ಪೆನ್ಸಿಲ್. ಯಾವ ಪುಸ್ತಕದ ಹಿಂದೆ ಹಾಕಿದರೂ ನಡೆಯುವ ಮಾತಿನ ಕೆಳಗೆ ಗೆರೆ. ಈ ಪುಸ್ತಕಕ್ಕೆ ಮಾತ್ರ ಹೊಂದುವ ಮಾತಿನ ಪಕ್ಕ ಟಿಕ್. ಹಾಳೆ ತುಂಬ ಗೆರೆಯೇ ಆಯಿತು. ಟಿಕ್ ಬಿದ್ದಿದ್ದು ಕೊನೆಯ ಪ್ಯಾರಾದ ಅರ್ಧ ವಾಕ್ಯಕ್ಕೆ: "ಎರಡು ಸಲ ಮನೆ ಕಿತ್ತ ಹೆಂಗಸು".

ಫೋನ್ ಮಾಡಿದೆ. "ಚೆನ್ನಾಗಿಲ್ವಾ?" ಅಂದರು. ಈ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ. ಕೊಟ್ಟರೆ ಮಾತು ಅಲ್ಲಿಗೇ ಮುಗಿಯುತ್ತದೆ. "ಮೇಷ್ಟ್ರೇ, ಎರಡು ಸಲ ಮನೆ ಕಿತ್ತಿದ್ದು ಯಾಕೆ?" ಅಂತ ಕೇಳಿದೆ.

"ಅಯ್ಯೋ, ಅದೇ ಅಲ್ವ ಮಾರಾಯ ಕಥೆ! ಮಡೆನೂರು ಡ್ಯಾಮ್ ಆದಾಗ ಕೈಕೂಸು ಎತ್ಕೊಂಡು ಗುಡ್ಡ ಹತ್ತಿದ್ಲು. ಮೇಲೆ ತೋಟ ಮಾಡಿದ್ಲು. ಅಡಿಕೆ ಫಸಲಿಗೆ ಬಂದು ಕೈಗೆ ನಾಕು ಕಾಸು ಸೇರ್ತು ಅನ್ನುವಾಗ ಲಿಂಗನಮಕ್ಕಿ ಡ್ಯಾಮಿಗೆ ಅಳತೆ ಮಾಡೋರು ಬಂದ್ರು. ಅಂಗಳದಲ್ಲಿ ಮೆಟ್ಟುಗತ್ತಿ ಮುಂದೆ ಅಡಿಕೆ ಸುಲೀತಾ ಕೂತಿದ್ಲು. ಏಳಲೇ ಇಲ್ಲ."

"ಆಮೇಲೆ?"

"ಅದನ್ನೂ ಹೇಳಿಬಿಟ್ರೆ ನೀ ಪುಸ್ತಕ ಯಾಕೆ ಓದ್ತೀಯ?"

ಆಮೇಲೆ ಏನಾಗುತ್ತದೆ ಅಂತ ಬೆನ್ನುಡಿಯ ಮೂರನೇ ಪ್ಯಾರಾದಲ್ಲಿ ಅವರೇ ಬರೆದಿದ್ದರು. ನೆನಪಿಸಿದೆ. ಜೋರಾಗಿ ನಕ್ಕರು.

ಅವರು ಮಾತಾಡುವಾಗ ನಾನು ಬರೆದುಕೊಳ್ಳುತ್ತಿದ್ದೆ. ಅದನ್ನು ತಿದ್ದದೆ ಅವರಿಗೇ ಕಳಿಸಿದೆ. ಬೆನ್ನುಡಿಯನ್ನು ನಾನೇ ಬರೆದುಕೊಡುವುದು ಸುಲಭ. ಆದರೆ ಹಿಂದಿನ ಪುಟದಲ್ಲಿ ನನ್ನ ಮಾತಿನ ಧಾಟಿ, ಒಳಗೆ ಮೇಷ್ಟ್ರದ್ದು ಅಂತಾದರೆ ಕೊಂಡವರಿಗೆ ಮೋಸ. ಇನ್ನು, ಹಿರೇಭಾಸ್ಕರ ಅಂತಲೂ ಕರೆಯುವ ಮಡೆನೂರಿನ ಆ ಅಣೆಕಟ್ಟು, 1964ರಲ್ಲಿ ಲಿಂಗನಮಕ್ಕಿ ಆದಾಗ ತಾನೂ ಮುಳುಗಿತು. ಹಿನ್ನೀರು ತೀರಾ ಇಳಿದ ಬೇಸಿಗೆಯಲ್ಲಿ ಈಗಲೂ ಕಾಣಿಸುತ್ತದೆ. ಜನರನ್ನು ಮುಳುಗಿಸಿದ ಅಣೆಕಟ್ಟೇ ಮುಳುಗಿದ ಜಾಗ! ಇಷ್ಟು ಗಟ್ಟಿ ಸರಕು ಇಟ್ಟುಕೊಂಡು ಸೊಗಡು, ಮನೋಜ್ಞ ಅಂತ ಯಾಕೆ ಹೋಗಬೇಕು?

ರುಚಿಯ ವಿಷಯದಲ್ಲಿ ನಾನು ಕೇಳುತ್ತೇನೆ, ಅಷ್ಟೇ. ಮಾಹಿತಿ ತಪ್ಪಿದ್ದರೆ ನೇರವಾಗಿ ಹೇಳುತ್ತೇನೆ. "ಕಾಫಿ ಹೂವಿನ ಘಮ" ಅಂತ ಒಂದು ಕಡೆ ಇತ್ತು. ಇಡೀ ಕಾದಂಬರಿಯಲ್ಲಿ ಕಾಫಿ ತೋಟವೇ ಇಲ್ಲವಂತೆ! ಮಲೆನಾಡು ಅಂದರೆ ಕಾಫಿ ಇರಬೇಕು ಅಂತ ಬೆಂಗಳೂರಿನವರಿಗಾಗಿ ಸೇರಿಸಿದ್ದು. ಇನ್ನೊಂದು ಕಡೆ, "ಇಂದಿಗೂ ಲಾಂಚನ್ನೇ ನಂಬಿದ ತುಮರಿಯ ಜನ" ಅಂತಿತ್ತು. ಲಾಂಚಿಲ್ಲದೆ ಹಿನ್ನೀರು ದಾಟಿ ತುಮರಿ ಕಡೆಗೆ ಹೋಗುವ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲೇ ತೆರೆಯಿತು. ಕಥೆಯೊಳಗೆ ಲಾಂಚ್ ಇರಲಿ, ಬೆನ್ನುಡಿಯಲ್ಲಿ "ಇಂದಿಗೂ" ಬೇಡ ಅಂದೆ. ಪುಸ್ತಕ ಹತ್ತು ವರ್ಷ ಕಪಾಟಿನಲ್ಲಿರುತ್ತದೆ. ಇಂಥ ಮಾತು ಬೇಗ ಹಳಸುತ್ತದೆ.

ಒಂದು ವಿಷಯಕ್ಕೆ ಮಾತ್ರ ಮೇಷ್ಟ್ರು ಜಗ್ಗಲಿಲ್ಲ. ತಮ್ಮ ಪರಿಚಯದಲ್ಲಿ ಕೆಲಸ ಮಾಡಿದ ಶಾಲೆಗಳ ಹೆಸರೆಲ್ಲ ಇರಲೇಬೇಕಂತೆ. ಓದುಗರಿಗೆ ಅದು ಯಾಕೆ ಅಂದೆ. "ನನ್ನ ಮಕ್ಕಳು ಗುರುತು ಹಿಡೀಬೇಕಲ್ಲ" ಅಂದರು. ಮಕ್ಕಳು ಅಂದರೆ ಶಿಷ್ಯರು. ಮೊದಲು ಕೊಳ್ಳುವವರೂ ಅವರೇ. ಸರಿ ಅನ್ನಿಸಿತು. ಅಕ್ಷರ ಸಣ್ಣದು ಮಾಡಿ ಫೋಟೊ ಕೆಳಗೆ ಹಾಕಿ ಅಂದೆ.

ಹೊಸ ಬೆನ್ನುಡಿ ಮೆಟ್ಟುಗತ್ತಿಯಿಂದಲೇ ಶುರುವಾಗುತ್ತದೆ, "ಏಳಲಿಲ್ಲ" ಅನ್ನುವಲ್ಲಿಗೆ ಮೊದಲ ಪ್ಯಾರಾ ಮುಗಿಯುತ್ತದೆ. ಪ್ರಕಾಶಕರು ಒಪ್ಪಿದ್ದಾರೆ. ಈಗ ವಾಟ್ಸ್ಆ್ಯಪ್‌ಗೆ ಪೋಸ್ಟರ್ ಮಾಡುತ್ತಿದ್ದಾರೆ. ಅದಕ್ಕೆ ಇಡೀ ಬೆನ್ನುಡಿ ತುರುಕಬೇಡಿ, ಮೊದಲ ಪ್ಯಾರಾ ಸಾಕು ಅಂತ ಹೇಳಿದೆ. ನಿನ್ನೆ ಕರಡು ಬಂತು. ಬಣ್ಣ, ಫೋಟೊ ಎಲ್ಲ ಚೆನ್ನಾಗಿದೆ. ಪುಸ್ತಕ ಎಲ್ಲಿ ಸಿಗುತ್ತದೆ, ಯಾವ ನಂಬರಿಗೆ ಫೋನ್ ಮಾಡಬೇಕು ಅನ್ನುವುದನ್ನೇ ಹಾಕಿಲ್ಲ. ಸೇರಿಸಿ ಕಳಿಸಿ ಮೇಷ್ಟ್ರೇ ಅಂದಿದ್ದೇನೆ.